ಮಂಡಿ ಆರ್ಥ್ರೋಸ್ಕೋಪಿಗೆ ಬೆನ್ನಿನ ಇಂಜೆಕ್ಷನ್: ಬೆಳಿಗ್ಗೆ ಸೊಗಸು, ಸಂಜೆ ಎಡವಟ್ಟು

ಆರ್ಥ್ರೋಸ್ಕೋಪಿ ಅಂದರೆ ಮಂಡಿಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್. ಬೆಳಿಗ್ಗೆ ಆಪರೇಷನ್, ಸಂಜೆ ಮನೆ. ಜಯನಗರದ ಕಡೆಯ ಈ ಡೇ-ಕೇರ್ ಆಸ್ಪತ್ರೆಯ ಲೆಕ್ಕ ಅದು. ಅರಿವಳಿಕೆಯ ಮಟ್ಟಿಗೆ ಅರ್ಧ ಲೆಕ್ಕ ಸರಿಯಾಗಿದೆ.

ಹಿಂದಿನ ದಿನವೇ ಫೋನ್ ಬರುತ್ತದೆ: ಊಟ ತಿಂಡಿ 6 ಗಂಟೆ ಮುಂಚೆ ಬಂದ್, ನೀರು 2 ಗಂಟೆ ಮುಂಚಿನವರೆಗೆ ಓಕೆ. ಕಾಫಿ ಇಲ್ಲದೆ ಆಗದು ಅನ್ನುವವರಿಗೂ ಉತ್ತರ ರೆಡಿ, ಹಾಲು ಬಿದ್ದರೆ ಅದು ಊಟವೇ.

ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್, ಕೊಡುವ ಕೈ ಪಳಗಿದ್ದು. 27 ಗೇಜಿನ, ಅಂದರೆ ತೀರಾ ಸಪೂರದ, ಪೆನ್ಸಿಲ್ ಮೊನೆ ಸೂಜಿ ಬಳಸುತ್ತಾರೆ. ಎಷ್ಟೋ ಕಡೆ ಇನ್ನೂ ಓಡುತ್ತಿರುವ ಚೂಪು ಅಂಚಿನ ಕ್ವಿಂಕೆ ಸೂಜಿ ಬೆನ್ನುಹುರಿಯ ಪೊರೆಯನ್ನು ಕೊಯ್ಯುತ್ತದೆ, ಒಳಗಿನ ದ್ರವ ಸೋರಿ ತಲೆನೋವು ಬರುವುದು ಅದರಲ್ಲಿ ಹೆಚ್ಚು. ಮರಗಟ್ಟಿಸುವ ಔಷಧಿ 0.5% ಹೆವಿ (ಬೆನ್ನಿನ ದ್ರವಕ್ಕಿಂತ ಭಾರದ) ಬುಪಿವಕೇನ್, ಸುಮಾರು 1.5 ಎಂಎಲ್. ಆಪರೇಷನ್ ಆಗುವ ಕಾಲು ಕೆಳಗೆ ಬರುವಂತೆ ಮಗ್ಗುಲಾಗಿ 10-15 ನಿಮಿಷ ಮಲಗಿಸುತ್ತಾರೆ. ಭಾರದ ಔಷಧಿ ಆ ಕಡೆಗೇ ಇಳಿದು ಹೆಚ್ಚಾಗಿ ಅದೇ ಕಾಲು ಮರಗಟ್ಟುತ್ತದೆ. ಅವಸರದಲ್ಲಿ ಐದೇ ನಿಮಿಷಕ್ಕೆ ಅಂಗಾತ ಮಾಡಿದರೆ ಔಷಧಿ ಎರಡೂ ಕಡೆ ಹಂಚಿಹೋಗಿ, ಇಷ್ಟು ಕಡಿಮೆ ಡೋಸ್ ಸಾಲದೆ, ರಕ್ತ ತಡೆಯಲು ತೊಡೆಗೆ ಕಟ್ಟಿದ ಟೂರ್ನಿಕೆಟ್ ಪಟ್ಟಿ ಉರಿಯಲು ಶುರುವಾಗುತ್ತದೆ. ಇಲ್ಲಿ ಗಡಿಯಾರ ನೋಡುತ್ತಾರೆ. 3 ಎಂಎಲ್ ತುಂಬಿಬಿಟ್ಟರೆ ಡಾಕ್ಟರಿಗೆ ನಿಶ್ಚಿಂತೆ, ಆದರೆ ಸಂಜೆಯಾದರೂ ಕಾಲು ಏಳದು, ಮೂತ್ರವೂ ಕಟ್ಟಬಹುದು.

ಎಡವಟ್ಟು ಇರುವುದು ಔಷಧಿ ಚೀಟಿಯಲ್ಲಿ. 'ನೋವಿದ್ದರೆ ಪ್ಯಾರಾಸಿಟಮಾಲ್' ಅಂತ ಬರೆಯುತ್ತಾರೆ. ಮರಗಟ್ಟಿರುವಾಗ ನೋವೆಲ್ಲಿಂದ ಬರಬೇಕು? ಎರಡು ಮೂರು ಗಂಟೆ ಕಳೆದು ಜೋಮು ಬಿಟ್ಟ ಮೇಲೆ ಒಟ್ಟಿಗೇ ನುಗ್ಗುತ್ತದೆ. ಪಾದದ ಬೆರಳು ಆಡತೊಡಗಿದಾಗಲೇ ಮೊದಲ ಮಾತ್ರೆ ಹೋಗಿರಬೇಕು. ಆಮೇಲೆ ನೋವಿರಲಿ ಬಿಡಲಿ, ದೊಡ್ಡವರಿಗೆ 6 ಗಂಟೆಗೊಮ್ಮೆ 1 ಗ್ರಾಂ, ದಿನಕ್ಕೆ 4 ಗ್ರಾಂ ಮೀರದಂತೆ. ಕಿಡ್ನಿ, ಹೊಟ್ಟೆ ಸರಿಯಿದ್ದರೆ ಜೊತೆಗೊಂದು ಉರಿಯೂತ ಇಳಿಸುವ ಮಾತ್ರೆ. ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಟ್ರಿಮ್ ಮಾಡಿದ್ದಕ್ಕೆ ಸಾಮಾನ್ಯವಾಗಿ ಇಷ್ಟೇ ಸಾಕು.

ಮಂಡಿಯ ಅಸ್ಥಿರಜ್ಜು (ಎಸಿಎಲ್) ಹೊಸದಾಗಿ ಕಟ್ಟುವ ಆಪರೇಷನ್‌ಗೆ ಸಾಲದು. ಅದಕ್ಕೆ ಇವರು ಫೆಮೊರಲ್ ಬ್ಲಾಕ್, ಅಂದರೆ ತೊಡೆಸಂದಿನ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತಾರೆ. ನೋವೇನೋ ಅಡಗುತ್ತದೆ, ಆದರೆ ತೊಡೆಯ ಸ್ನಾಯು ಸೋತು ಬಾತ್‌ರೂಮಿನ ಹೊಸ್ತಿಲಲ್ಲಿ ಮಂಡಿ ಮಡಚಿಕೊಳ್ಳುತ್ತದೆ. ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಯ ನಡುಭಾಗದ ಅಡಕ್ಟರ್ ಕೆನಾಲ್‌ಗೆ 15-20 ಎಂಎಲ್ ರೋಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಹಾಕಿದರೆ ಆ ಬಲ ಬಹುಪಾಲು ಉಳಿಯುತ್ತದೆ. ಮುಂಚೆಯೇ ಕೇಳಿ.

ಚೀಟಿಯಲ್ಲಿ ಇಲ್ಲದ ಇನ್ನೊಂದು ಮಾತು: ಎದ್ದು ಕೂತರೆ ಹೆಚ್ಚಾಗಿ, ಮಲಗಿದರೆ ಇಳಿಯುವ ತಲೆನೋವು ಎರಡು ಮೂರು ದಿನದಲ್ಲಿ ಬಂದರೆ ಅರಿವಳಿಕೆ ಡಾಕ್ಟರಿಗೇ ಫೋನ್ ಮಾಡಬೇಕು.

ಮೂತ್ರ ಹೋಗಿ, ಕಾಲು ಪೂರ್ತಿ ಆಡಿದ ಮೇಲಷ್ಟೇ ಹೊರಡಿ. ಆಟೋ ಬೇಡ, ಬ್ರೇಸ್ ಕಟ್ಟಿದ ಕಾಲು ಅದರಲ್ಲಿ ಹಿಡಿಸದು.