ಬಳ್ಳಾರಿ ಧೂಳಿಗೆ ಯಾವ ಹಳೇ ಕಾರು ತಡೆಯುತ್ತದೆ?

ಆರು ವರ್ಷದಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಕಾರು ಓಡಿಸಿದ್ದೇನೆ, ಜಾಸ್ತಿ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಗೇ. ಅದಿರು ಲಾರಿಗಳ ಕೆಂಪು ಧೂಳು ಕುಡಿದು, 40 ಡಿಗ್ರಿ ಬಿಸಿಲಲ್ಲೂ ಏಸಿ ತಣ್ಣಗಿದ್ದರೆ ಅದೇ ಒಳ್ಳೆ ಕಾರು ಅಂತ ನನ್ನ ಲೆಕ್ಕ.

ನನ್ನ ಓಟು ಸ್ವಿಫ್ಟ್ ಡೀಸೆಲ್‌ಗೆ. ಅದರ 1.3 ಲೀಟರ್ ಇಂಜಿನ್ ಮೂಲತಃ ಫಿಯಟ್‌ನದು, ಇಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳಕ್ಕೆ ಓಡಿಸಲು ರಬ್ಬರ್ ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ. 2020ರಲ್ಲಿ ಬಿಎಸ್6 ಅನ್ನೋ ಬಿಗಿ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಆದರೂ ಸಾಮಾನು ಸಿಗುತ್ತದೆ, ಸಿರುಗುಪ್ಪದ ಸಣ್ಣ ಗ್ಯಾರೇಜಿನವನೂ ಕಣ್ಣು ಮುಚ್ಚಿಕೊಂಡು ಬಿಚ್ಚಿ ಕೂಡಿಸುತ್ತಾನೆ.

ನಮ್ಮ ಭಾವನ ಹಳೇ 2.5 ಲೀಟರ್ ಇನ್ನೋವಾ ಇನ್ನೂ ಗಟ್ಟಿ. ಅದು ಕಲ್ಲು ಬಿಡಿ! ಆದರೆ ರೇಟು ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಡಿಗೂ ಮಾಲೀಕರು ಇಳಿಯುವುದಿಲ್ಲ. ಇದರಲ್ಲಿ ಚೈನ್ ಬದಲು ಟೈಮಿಂಗ್ ಬೆಲ್ಟ್ ಇದೆ, ಯಾವಾಗ ಬದಲಿಸಿದರು ಅಂತ ಬಿಲ್ಲು ಕೇಳಿ ನೋಡಿ.

ನಡುವೆ ಕೊಂಡ ಕಾರಿನ ಹೆಸರು ಬೇಡ. ಓಡಿಸಲು ಏನು ಮಜಾ ಅಂತೀರಿ! ಆದರೆ ಒಂದು ಸೆನ್ಸರ್ ಹೋಯಿತು, ಊರಲ್ಲಿ ಸಿಗಲಿಲ್ಲ, ಹದಿನೆಂಟು ದಿನ ಗಾಡಿ ಸುಮ್ನೆ ನಿಂತಿತ್ತು, ನಾನು ಮಾತ್ರ ಸಿಕ್ಕ ಬಸ್ಸಿಗೆ ಜೋತುಬಿದ್ದು ಓಡಾಡಿದೆ. ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಸಾಮಾನು ಸಿಗದಿದ್ದರೆ ಏನು ಪ್ರಯೋಜನ, ಅಲ್ವಾ?

ನಮ್ಮ ಕಡೆ ಗಾಡಿ ನೋಡಲು ಹೋದಾಗ ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆಸಿ. ಫಿಲ್ಟರ್ ದಾಟಿ ಒಳಗಿನ ಪೈಪಿನಲ್ಲೂ ಕೆಂಪು ಧೂಳು ಕಂಡರೆ ಚೌಕಾಸಿಗೂ ನಿಲ್ಲಬೇಡಿ, ಟೀ ಕುಡಿದು ವಾಪಸ್ ಬನ್ನಿ.