ನಿಧಾನಕ್ಕೆ ಏರುವ ಭಯ: ‘ದಿ ಶೈನಿಂಗ್’ ಓದಲೋ, ‘ಹಿಲ್ ಹೌಸ್’ ಓದಲೋ?

ಎರಡೂ ಇಂಗ್ಲಿಷಿನ ಭಯದ ಕಾದಂಬರಿಗಳು. ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ (1977) ನಾನೂರು ಪುಟ ದಾಟುತ್ತದೆ. ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಹೆಚ್ಚುಕಡಿಮೆ ಅದರ ಅರ್ಧ.

ಕಿಂಗ್ ಬಹಳ ಹೊತ್ತು ಹೇಳುವುದು ದೆವ್ವಕ್ಕಿಂತ ಸಂಸಾರದ ಕಥೆಯನ್ನೇ: ಕುಡಿತ ಬಿಟ್ಟ ಅಪ್ಪ, ಕಳೆದುಹೋದ ಕೆಲಸ, ಸಿಟ್ಟಿನಲ್ಲಿ ಮುರಿದ ಮಗನ ತೋಳು. ಕೊಲರಾಡೊ ಬೆಟ್ಟದ ಹೋಟೆಲಿಗೆ ಚಳಿಗಾಲದ ಕಾವಲಿಗೆ ಬಂದ ಈತ ಕಟ್ಟಡವನ್ನು ಬೆಚ್ಚಗಿಡುವ ಹಳೇ ಬಾಯ್ಲರಿನ ಒತ್ತಡವನ್ನು ದಿನಾ ಇಳಿಸಬೇಕು. ಒತ್ತಡ ತೋರಿಸುವ ಮುಳ್ಳು ಮಾತ್ರ ಮೆಲ್ಲಗೆ ಏರುತ್ತಲೇ ಇರುತ್ತದೆ. ಕಾದಂಬರಿಯ ನಡೆಯೂ ಹಾಗೇ. ಆ ಪುಟಗಳನ್ನು ಹಾರಿಸಿದಿರೋ, ಕೊನೆಯ ಭಾಗ ಬರೀ ಕೂಗಾಟ ಅನಿಸೀತು. 1980ರ ಸಿನಿಮಾ ನೋಡಿದವರಿಗೂ ಓದಲು ಬಾಕಿ ಇದೆ: ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು ಕಣ್ಣು ತಪ್ಪಿಸಿ ಜರುಗುವುದು ಅದರಲ್ಲಿಲ್ಲ.

ಜಾಕ್ಸನ್ ತೋರಿಸುವುದು ತೀರಾ ಕಡಿಮೆ. ಹಿಲ್ ಹೌಸ್ ಎಂಬ ದೆವ್ವದ ಮನೆಯಲ್ಲಿ ತಂಗಿರುವ ನಾಯಕಿ ಎಲಿನರ್ ಕತ್ತಲಲ್ಲಿ ಗೆಳತಿಯ ಕೈ ಬಿಗಿಯಾಗಿ ಹಿಡಿದಿದ್ದಾಳೆ. ಬೆಳಕಾದಾಗ ಗೆಳತಿ ಆಚೆ ಮಂಚದಲ್ಲಿ. ಹಾಗಾದರೆ ಆ ಕೈ ಯಾರದ್ದು? ಉತ್ತರ ಸಿಗದಿದ್ದರೆ ರೇಗುವವರು ಇದನ್ನು ಮುಟ್ಟಬೇಡಿ.

ಕೈಯಲ್ಲಿ ಇರುವುದು ಒಂದೇ ವಾರಾಂತ್ಯವಾದರೆ ಹಿಲ್ ಹೌಸ್. ನನ್ನ ಓಟು ಶೈನಿಂಗ್‌ಗೆ. ಆದರೆ ಹಿಮ ಬಿದ್ದು ದಾರಿ ಮುಚ್ಚುವವರೆಗೆ ತಾಳ್ಮೆ ಇರಬೇಕು, ಅದಕ್ಕೆ ಅರ್ಧ ಪುಸ್ತಕವೇ ಬೇಕಾಗುತ್ತದೆ.