ಜಿಮ್, ನಿಲ್ಲುವ ಮೇಜು, ವಾಕಿಂಗ್ ಪ್ಯಾಡ್: ನನ್ನ ಮಟ್ಟಿಗೆ ಗೆದ್ದದ್ದು ಎರಡು ನಿಲ್ದಾಣ ಮೊದಲೇ ಇಳಿಯುವ ಅಭ್ಯಾಸ

ನನ್ನದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ. ಬೆಳಗ್ಗೆ ಕುರ್ಚಿಯಲ್ಲಿ ಕೂತರೆ ಏಳುವುದು ಊಟಕ್ಕೆ, ಆಮೇಲೆ ಏಳುವುದು ಮನೆಗೆ. ಸೊಂಟ ಹಿಡಿಯಲು ಶುರುವಾದ ಮೇಲೆ ಮೈ ಆಡಿಸುವ ಉಪಾಯಗಳಿಗೆ ಸಾಕಷ್ಟು ದುಡ್ಡು ಸುರಿದಿದ್ದೇನೆ. ಜಿಮ್ಮಿಗೆ ವರ್ಷದ ಶುಲ್ಕ ಕಟ್ಟಿದೆ, ನಿಂತು ಕೆಲಸ ಮಾಡಲು ಮೇಜಿನ ಮೇಲಿಡುವ ಸ್ಟ್ಯಾಂಡ್ ತಂದೆ, ಮೇಜಿನಡಿ ಹಾಸಿಕೊಂಡು ನಡೆಯುವ ವಾಕಿಂಗ್ ಪ್ಯಾಡ್ ಕೊಂಡೆ. ಇವತ್ತಿಗೂ ಉಳಿದಿರುವುದು ಈ ಮೂರೂ ಅಲ್ಲ. ಬೆಂಗಳೂರು ಮೆಟ್ರೊದಲ್ಲಿ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿಯಬೇಕಾದವನು ವಿಧಾನಸೌಧ ನಿಲ್ದಾಣದಲ್ಲೇ ಇಳಿದು ಕಬ್ಬನ್ ಪಾರ್ಕ್ ಮೂಲಕ ಕಚೇರಿಗೆ ನಡೆಯುತ್ತೇನೆ. ನನ್ನ ಮತ ಅದಕ್ಕೇ. ಮುಂದಿನದನ್ನು ಆ ಪಕ್ಷಪಾತವನ್ನು ಗಮನದಲ್ಲಿಟ್ಟುಕೊಂಡು ಓದಿಕೊಳ್ಳಿ.

ಅಳತೆಗೋಲು ಯಾವುದು ಎಂಬುದನ್ನು ಮೊದಲು ಹೇಳಬೇಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎನ್ನುವುದನ್ನು ನಾನು ಕೈಬಿಟ್ಟಿದ್ದೇನೆ. 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಹಬ್ಬಿದ ಸಂಖ್ಯೆ ಅದು, ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಬೇರೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಕೂತು ದುಡಿಯುವವರಿಗೆ ಇನ್ನೂ ಹತ್ತಿರದ ಮಾತು 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವುದರಿಂದ ಏರುವ ಸಾವಿನ ಅಪಾಯವು ದಿನಕ್ಕೆ 60ರಿಂದ 75 ನಿಮಿಷ ಸಾಧಾರಣ ಶ್ರಮ ಪಡುವವರಲ್ಲಿ ಕಾಣಲಿಲ್ಲ. ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ: ಈ ಒಂದು ಗಂಟೆಯನ್ನು ಯಾವುದು ನನ್ನಿಂದ ತಪ್ಪದೆ ಮಾಡಿಸುತ್ತದೆ?

ವಾಕಿಂಗ್ ಪ್ಯಾಡ್ ಮಾಡಿಸುತ್ತದೆ ಎಂದುಕೊಂಡೇ 17,000 ರೂಪಾಯಿ ಕೊಟ್ಟೆ. ವಾರದಲ್ಲಿ ಎರಡು ದಿನ ನನಗೆ ಮನೆಯಿಂದ ಕೆಲಸ. ಮೇಜಿನಡಿ ಹಾಸಿ, ಗಂಟೆಗೆ ಎರಡು ಕಿಲೋಮೀಟರ್ ವೇಗದಲ್ಲಿ ನಡೆಯುತ್ತ ಇಮೇಲ್ ಓದಿದರೆ ಕಾಲಕ್ಕೂ ನಷ್ಟವಿಲ್ಲ, ಕಾಲಿಗೂ ನಷ್ಟವಿಲ್ಲ ಎಂಬುದು ಲೆಕ್ಕ. ಓದುವುದಕ್ಕೆ, ಫೋನಿನಲ್ಲಿ ಮಾತಾಡುವುದಕ್ಕೆ ನಿಜಕ್ಕೂ ತೊಂದರೆಯಿಲ್ಲ. ಅಂಕಿ ತುಂಬುವ ಕೆಲಸಕ್ಕೆ ಮಾತ್ರ ಆಗುವುದಿಲ್ಲ. ಕೀಲಿಮಣೆಯ ಬಲಬದಿಯ ಅಂಕಿಗಳಲ್ಲಿ 6ರ ಜಾಗಕ್ಕೆ 9 ಬೀಳುತ್ತದೆ, ತಾಳೆ ಹಾಕುವಾಗ ಆ ವ್ಯತ್ಯಾಸ ಹುಡುಕಲು ಸಂಜೆಯಾಗುತ್ತದೆ.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಪ್ಯಾಡಿನ ಆಸೆಯನ್ನೇ ಬಿಡಿಸಿದ್ದು ಅದರ ಪಟ್ಟಿ, ಅಂದರೆ ಕಾಲಡಿ ಸುತ್ತುವ ಬೆಲ್ಟ್.

ನಾವಿರುವುದು ಎರಡನೇ ಮಹಡಿಯಲ್ಲಿ. ಮೊದಲು ಪ್ಯಾಡನ್ನು ಕೋಣೆಯಲ್ಲಿ ಹಾಕಿದ್ದೆ. ಮೋಟಾರಿನ ಸದ್ದು ನಮಗೆ ಫ್ಯಾನಿನಷ್ಟೂ ಕೇಳುತ್ತಿರಲಿಲ್ಲ, ಆದರೆ ಪ್ರತಿ ಹೆಜ್ಜೆಯ ಅದುರು ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತಿತ್ತು. ಆ ಮನೆಯ ಅಜ್ಜಿ ಮೆಟ್ಟಿಲ ಬಳಿ ಸಿಕ್ಕಾಗ ಕೇಳಿಯೇ ಬಿಟ್ಟರು: "ಏನಪ್ಪಾ, ಮೇಲೆ ರಾಗಿ ಗಿರಣಿ ಇಟ್ಟಿದ್ದೀಯಾ? ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ಹಾಗಿಲ್ಲವಲ್ಲ." ಅಡಿಗೆ ದಪ್ಪ ರಬ್ಬರ್ ಹಾಸು ಹಾಕಿದೆ. ಸದ್ದು ತಗ್ಗಿತು, ನಿಲ್ಲಲಿಲ್ಲ. ಕೊನೆಗೆ ಮೇಜು ಸಮೇತ ಎಲ್ಲವನ್ನೂ ಗಾಜು ಹಾಕಿಸಿದ ಬಾಲ್ಕನಿಗೆ ಸಾಗಿಸಿದೆ. ಅದರ ಕೆಳಗೆ ಯಾರ ಕೋಣೆಯೂ ಇಲ್ಲ.

ಅಲ್ಲಿಂದ ಪಟ್ಟಿಯ ಕಾಟ ಶುರುವಾಯಿತು. ಹತ್ತು ನಿಮಿಷ ನಡೆಯುವಷ್ಟರಲ್ಲಿ ಪಟ್ಟಿ ಎಡಕ್ಕೆ ಸರಿದು ಅಂಚಿನ ಪ್ಲಾಸ್ಟಿಕ್ಕಿಗೆ ಉಜ್ಜಲು ತೊಡಗುತ್ತಿತ್ತು. ಮೊದಲು ಕಿರ್ ಎಂಬ ಸಣ್ಣ ಸದ್ದು, ಆಮೇಲೆ ಸುಟ್ಟ ರಬ್ಬರಿನ ವಾಸನೆ. ಇದಕ್ಕೆ ಮದ್ದು ಪ್ಯಾಡಿನ ಹಿಂಬದಿಯಲ್ಲೇ ಇದೆ: ಎರಡೂ ಮೂಲೆಗಳಲ್ಲಿ ಒಂದೊಂದು ತಿರುಪು. ಪಟ್ಟಿ ಎಡಕ್ಕೆ ಹೋದರೆ ಎಡಗಡೆಯದನ್ನು ಕಾಲು ಸುತ್ತು ಬಿಗಿ ಮಾಡಬೇಕು, ಒಂದು ನಿಮಿಷ ಖಾಲಿ ಓಡಿಸಿ ನೋಡಬೇಕು, ಸಾಲದಿದ್ದರೆ ಮತ್ತೆ ಕಾಲು ಸುತ್ತು. ಖಾಲಿ ಓಡುವಾಗ ಪಟ್ಟಿ ನಟ್ಟ ನಡುವೆ ನಿಲ್ಲುತ್ತಿತ್ತು. ನಾನು ಹತ್ತಿದ ಕೂಡಲೇ ಮತ್ತೆ ಎಡಕ್ಕೆ. ಜಾಸ್ತಿ ಬಿಗಿ ಮಾಡಿದರೆ ಮೋಟಾರಿಗೆ ಭಾರವಾಗಿ ನಡುನಡುವೆ ತಾನಾಗಿಯೇ ನಿಂತುಬಿಡುತ್ತಿತ್ತು.

ಮಾರಿದ ಕಂಪನಿಗೆ ಫೋನ್ ಮಾಡಿದರೆ ವಿಡಿಯೊ ಕಳಿಸಿ ಎಂದರು. ಕಳಿಸಿದೆ. ಪಟ್ಟಿಯ ಅಡಿಗೆ ಸಿಲಿಕೋನ್ ಎಣ್ಣೆ ಬಿಡಿ ಎಂದರು. ಬಿಟ್ಟೆ. ಎಣ್ಣೆ ಬಿಡಲು ಪಟ್ಟಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯನ್ನು ಒಳಗೆ ತೂರಿಸಬೇಕು. ಎಷ್ಟೇ ಎಚ್ಚರ ವಹಿಸಿದರೂ ಒಂದೆರಡು ಹನಿ ನೆಲಕ್ಕೆ ಬೀಳುತ್ತವೆ, ಆ ಹನಿಯ ಮೇಲೆ ಕಾಲಿಟ್ಟವರು ಜಾರುತ್ತಾರೆ. ನಮ್ಮ ಮನೆಯಲ್ಲಿ ಜಾರಿದ್ದು ನನ್ನ ಹೆಂಡತಿ. ಪುಣ್ಯಕ್ಕೆ ಬಾಗಿಲ ಚೌಕಟ್ಟು ಕೈಗೆ ಸಿಕ್ಕಿತು. ಆ ದಿನ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.

ನಿಜವಾದ ಕಾರಣ ಹೇಳಿದವರು ಬೇರೆ ಕೆಲಸಕ್ಕೆಂದು ಬಂದ ಗಾರೆ ಮೇಸ್ತ್ರಿ. ರಸಮಟ್ಟ ತೆಗೆದು ಬಾಲ್ಕನಿಯ ನೆಲದ ಮೇಲಿಟ್ಟರು, ಗುಳ್ಳೆ ಒಂದು ಬದಿಗೆ ಓಡಿತು. "ಸಾರ್, ಬಾಲ್ಕನಿಗೆ ಮಳೆನೀರು ಹರಿದುಹೋಗಲಿ ಎಂದು ಇಳಿಜಾರು ಕೊಟ್ಟೇ ಕೊಡುತ್ತೇವೆ," ಎಂದರು. ಕಣ್ಣಿಗೆ ಕಾಣದಷ್ಟು ಇಳಿಜಾರು ಅದು, ಪಟ್ಟಿಗೆ ಮಾತ್ರ ಗೊತ್ತಾಗುತ್ತಿತ್ತು. ಒಂದು ಬದಿಗೆ ರಟ್ಟಿನ ತುಂಡು ಕೊಟ್ಟು ಮಟ್ಟ ಮಾಡಿದರೆ, ನಡೆದಂತೆಲ್ಲ ರಟ್ಟು ಜಾರುತ್ತಿತ್ತು. ಕೋಣೆಯಲ್ಲಿ ಹಾಕಿದರೆ ಅಜ್ಜಿಗೆ ನಿದ್ದೆಯಿಲ್ಲ, ಬಾಲ್ಕನಿಯಲ್ಲಿ ಹಾಕಿದರೆ ಪಟ್ಟಿ ನಿಲ್ಲುವುದಿಲ್ಲ. ಕರೆಂಟ್ ಹೋದಾಗ ಪ್ಯಾಡ್ ಗಕ್ಕನೆ ನಿಂತು ನಾವು ಮುಗ್ಗರಿಸುವುದು ಬೇರೆ. ಕೊನೆಗೆ 7,000 ರೂಪಾಯಿಗೆ ಮಾರಿದೆ, ಕೊಂಡವರ ಮನೆ ನೆಲಮಹಡಿಯಲ್ಲಿದೆ ಎಂದು ಕೇಳಿ ಖಚಿತಪಡಿಸಿಕೊಂಡೇ.

ನಿಲ್ಲುವ ಮೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂರುವುದಕ್ಕೂ ನಿಲ್ಲುವುದಕ್ಕೂ ಖರ್ಚಾಗುವ ಶಕ್ತಿಯಲ್ಲಿ ಇರುವ ವ್ಯತ್ಯಾಸ ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿ. ನಾಲ್ಕು ಗಂಟೆ ನಿಂತರೆ 36 ಕ್ಯಾಲೊರಿ, ಅಂದರೆ ಕಾಫಿಗೆ ಹಾಕುವ ಎರಡು ಚಮಚ ಸಕ್ಕರೆಯ ಲೆಕ್ಕ. ಬೆನ್ನಿಗೆ ಹಿತವೆನಿಸಿದ್ದು ನಿಜ, ಹಿಮ್ಮಡಿಗೆ ಹಿತವೆನಿಸಲಿಲ್ಲ. 9,000 ರೂಪಾಯಿಯ ಆ ಸ್ಟ್ಯಾಂಡ್ ಮೇಲೆ ಈಗ ಮಗಳ ಪಠ್ಯಪುಸ್ತಕಗಳಿವೆ. ನಿಂತು ಓದಬೇಕು ಎನಿಸಿದಾಗ ಕಚೇರಿಯ ಸ್ಟೀಲ್ ಫೈಲ್ ಕಪಾಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತೇನೆ. ಎತ್ತರ ಅಳತೆ ಕೊಟ್ಟು ಮಾಡಿಸಿದಂತಿದೆ.

ಜಿಮ್ಮಿನ ಮೇಲೆ ನನಗೆ ಸಿಟ್ಟಿಲ್ಲ. ವರ್ಷಕ್ಕೆ 15,000 ರೂಪಾಯಿ ನಮ್ಮ ಕಡೆ ದುಬಾರಿಯೂ ಅಲ್ಲ. ತರಬೇತಿ ಕೊಡುವ ಹುಡುಗ ಒಳ್ಳೆಯವನು. ಭಾರ ಎತ್ತುವುದರಿಂದ ಸಿಗುವ ಲಾಭ ನಡಿಗೆಯಿಂದ ಸಿಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಹೊಂದಿಕೊಳ್ಳದ್ದು ನನ್ನ ಕ್ಯಾಲೆಂಡರ್. ಪ್ರತಿ ತಿಂಗಳು 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಆ ಎರಡು ತಾರೀಖುಗಳ ಹಿಂದಿನ ದಿನಗಳಲ್ಲಿ ರಾತ್ರಿ ಒಂಬತ್ತಕ್ಕೆ ಮೊದಲು ಮನೆ ಸೇರಿದರೆ ಅದೇ ದೊಡ್ಡದು. ಆಡಿಟ್ ಇರುವ ಸೆಪ್ಟೆಂಬರಿನಲ್ಲಂತೂ ಜಿಮ್ಮಿನ ದಾರಿಯೇ ಮರೆತುಹೋಗುತ್ತದೆ. ಸಂಜೆ ಏಳರ ಮೇಲೆ ಹೋದರೆ ಒಂದೊಂದು ಯಂತ್ರಕ್ಕೂ ಸರದಿ, ಜೊತೆಗೆ ಮಾತು ಕೇಳಿಸದಷ್ಟು ಅಬ್ಬರದ ಹಾಡು. ಬೆಳಗ್ಗೆ ಆರಕ್ಕೆ ಹೋಗುವವರ ಬಗ್ಗೆ ಗೌರವವಿದೆ, ನಾನು ಆ ಜಾತಿಯವನಲ್ಲ.

ಇನ್ನು ನಡಿಗೆ. ಮನೆಯಿಂದ ಬನಶಂಕರಿ ನಿಲ್ದಾಣಕ್ಕೆ ಹದಿನೈದು ನಿಮಿಷ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಗುವಾಗ ಎಸ್ಕಲೇಟರಿನ ಸಾಲು ಬಿಟ್ಟು ಮೆಟ್ಟಿಲು. ಎಲ್ಲರೂ ಎಸ್ಕಲೇಟರಿಗೆ ಮುಗಿಬೀಳುವುದರಿಂದ ಮೆಟ್ಟಿಲಿನಲ್ಲೇ ಬೇಗ ತಲುಪುತ್ತೇನೆ. ವಿಧಾನಸೌಧ ನಿಲ್ದಾಣದಲ್ಲಿ ಇಳಿದು, ಹೈಕೋರ್ಟಿನ ಕೆಂಪು ಕಟ್ಟಡದ ಹಿಂದಿನಿಂದ ಪಾರ್ಕಿನೊಳಗೆ ಹೊಕ್ಕು, ಬಿದಿರು ಮೆಳೆಗಳನ್ನೂ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯವನ್ನೂ ದಾಟಿ, ಕಸ್ತೂರಬಾ ರಸ್ತೆಯ ಕಡೆ ಹೊರಬಿದ್ದು ಸೇಂಟ್ ಮಾರ್ಕ್ಸ್ ರಸ್ತೆಯ ಕಚೇರಿ ಸೇರಲು ಇಪ್ಪತ್ತೈದು ನಿಮಿಷ. ಸಂಜೆ ಹತ್ತಿರದ ಎಂ.ಜಿ. ರಸ್ತೆ ನಿಲ್ದಾಣಕ್ಕೆ ಹನ್ನೆರಡು ನಿಮಿಷ, ಬನಶಂಕರಿಯಿಂದ ಮನೆಗೆ ಮತ್ತೆ ಹದಿನೈದು. ಕೂಡಿ ನೋಡಿದರೆ ಒಂದು ಗಂಟೆ ದಾಟುತ್ತದೆ, ಲ್ಯಾನ್ಸೆಟ್ ಹೇಳಿದ 60ರಿಂದ 75ರ ನಡುವೆ ಬಂದು ನಿಲ್ಲುತ್ತದೆ. ಬೇರೆ ವೇಳೆ ತೆಗೆದಿಡಬೇಕಾಗಿಲ್ಲ. ಎಂ.ಜಿ. ರಸ್ತೆಯಲ್ಲಿ ಇಳಿದರೂ ಹನ್ನೆರಡು ನಿಮಿಷ ನಡೆಯಲೇಬೇಕಿತ್ತು. ಎರಡು ನಿಲ್ದಾಣಗಳ ರೈಲು ಪ್ರಯಾಣವನ್ನೂ ಕಳೆದರೆ ಹೆಚ್ಚಾಗುವುದು ಹತ್ತು ನಿಮಿಷಕ್ಕೂ ಕಡಿಮೆ. ಹನ್ನೊಂದನೇ ತಾರೀಖು ಬಂದರೂ ಇಪ್ಪತ್ತು ಬಂದರೂ ಕಚೇರಿಗೆ ಹೋಗಲೇಬೇಕಲ್ಲ.

ವೇಗದ ವಿಷಯದಲ್ಲಿ ಒಂದು ಮಾತು. ಪಾರ್ಕ್ ಎಂದು ಅಡ್ಡಾಡುತ್ತ ಹೋದರೆ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಉಸಿರು ಸಾಲಬಾರದು, ಅಷ್ಟು ಚುರುಕು ಬೇಕು.

ಇದಕ್ಕೂ ಕೊರತೆಗಳಿವೆ. ಮೊದಲನೆಯದು ಬೆವರು. ಏಪ್ರಿಲ್‌ನಲ್ಲಿ ಕಚೇರಿ ಮುಟ್ಟುವಾಗ ಅಂಗಿಯ ಬೆನ್ನು ಒದ್ದೆ. ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಈಗ ಫೈಲುಗಳಿಲ್ಲ. ಒಂದು ಇಸ್ತ್ರಿ ಮಾಡಿದ ಅಂಗಿ, ಸಣ್ಣ ಟವೆಲ್, ಕರಿ ಶೂ ಅಲ್ಲಿವೆ. ನಡೆಯುವ ಶೂ 3,500 ರೂಪಾಯಿಯದು, ಈ ಪ್ರಯೋಗದಲ್ಲಿ ಹೊಸದಾಗಿ ಆದ ಖರ್ಚು ಅದೊಂದೇ. ಎರಡನೆಯದು ಮಳೆ. ಮೇ ತಿಂಗಳ ಸಂಜೆ ಗಾಳಿ ಎದ್ದರೆ ಪಾರ್ಕಿನ ಹಳೆಯ ಮರಗಳ ಕೆಳಗೆ ನಾನು ಕಾಲಿಡುವುದಿಲ್ಲ, ಕೊಂಬೆ ಯಾವಾಗ ಬೀಳುತ್ತದೋ ಹೇಳಲಾಗದು. ಮೂರನೆಯದು ಮೆಟ್ರೊ ದರ. 2025ರ ಫೆಬ್ರುವರಿಯಲ್ಲಿ ಏರಿದಾಗ ಗರಿಷ್ಠ ದರ 90 ರೂಪಾಯಿ ಆಯಿತು. ಸ್ಕೂಟರಿನ ಪೆಟ್ರೋಲಿನ ಜೊತೆ ಇಟ್ಟು ನೋಡಿದರೆ ಮೆಟ್ರೊವೇ ನನಗೆ ದುಬಾರಿ. ಜಿಮ್ಮಿನ ಶುಲ್ಕ ಕಟ್ಟುತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಕಾಲುದಾರಿಯ ಮಾತು ಆಡದೆ ಈ ಹೋಲಿಕೆ ಮುಗಿಯದು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳು ನಗರದ ರಸ್ತೆ, ಕಾಲುದಾರಿಗಳನ್ನು ಸುಧಾರಿಸುವ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಮರುನಿರ್ಮಾಣವಾದವು. ಅಲ್ಲಿ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ ಜಾಗವಿದೆ. ನನ್ನ ಮನೆಯ ಕಡೆ ಕಥೆಯೇ ಬೇರೆ: ಟ್ರಾನ್ಸ್‌ಫಾರ್ಮರ್ ತಪ್ಪಿಸಿ ರಸ್ತೆಗೆ ಇಳಿ, ಬಾಯ್ದೆರೆದ ಚಪ್ಪಡಿ ದಾಟು, ನಿಲ್ಲಿಸಿದ ಬೈಕುಗಳ ನಡುವೆ ಅಡ್ಡಡ್ಡ ತೂರು. ನಿಮ್ಮ ಕಚೇರಿ ಹೊರವರ್ತುಲ ರಸ್ತೆಯ ಪಕ್ಕದಲ್ಲಿದ್ದರೆ, ಇಳಿದ ಮೇಲೆ ಹೊಗೆಯಲ್ಲೇ ನಡೆಯಬೇಕಾಗಿದ್ದರೆ, ನನ್ನ ತೀರ್ಪು ನಿಮಗೆ ಅನ್ವಯಿಸುವುದಿಲ್ಲ. ನನಗೆ ಸಿಕ್ಕಿರುವುದು ಅದೃಷ್ಟದ ದಾರಿ.

ಸ್ನಾಯುಬಲದ ಬಾಕಿಯನ್ನು ಮನೆಯಲ್ಲೇ ತೀರಿಸುತ್ತೇನೆ: ವಾರದಲ್ಲಿ ಎರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಒಂದಷ್ಟು ಸೂರ್ಯ ನಮಸ್ಕಾರ. ಬಸ್ಕಿಗೆ ಕಾಸು ಬೇಡ, ಸದ್ದೂ ಇಲ್ಲ, ಕೆಳಗಿನ ಅಜ್ಜಿಯ ದೂರೂ ಇಲ್ಲ. ಕಚೇರಿಯಲ್ಲಿ ಲೀಟರ್ ಬಾಟಲಿ ಇಟ್ಟುಕೊಳ್ಳುವುದನ್ನು ಬಿಟ್ಟು ಸಣ್ಣ ಲೋಟ ಇಟ್ಟಿದ್ದೇನೆ. ನೀರು ಬೇಕಾದಾಗಲೆಲ್ಲ ಎದ್ದು ಪ್ಯಾಂಟ್ರಿಗೆ ಹೋಗಲೇಬೇಕು. 1953ರಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಪ್ರಕಟವಾದ ಅಧ್ಯಯನ ಪ್ರಸಿದ್ಧ. ದಿನವಿಡೀ ಕೂತ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಆ ಕಂಡಕ್ಟರುಗಳು ವ್ಯಾಯಾಮಕ್ಕೆಂದು ಹತ್ತಿಳಿದವರಲ್ಲ, ಟಿಕೆಟ್ ಕೊಡಬೇಕಿತ್ತು, ಹತ್ತಿದರು. ನನ್ನಂಥ ಸೋಮಾರಿಗೆ ಬೇಕಾದದ್ದು ಆ ಬಗೆಯ ಬಲವಂತ.

ಹಾಗಾದರೆ ಯಾರು ಏನು ಆರಿಸಬೇಕು? ದಿನಚರಿ ಗಟ್ಟಿಯಾಗಿದ್ದು, ಮನೆ ಹತ್ತಿರವೇ ಜಿಮ್ ಇದ್ದರೆ ಜಿಮ್ಮಿಗೆ ಸೇರಿ, ಆದರೆ ಮೊದಲು ಮೂರು ತಿಂಗಳಿಗಷ್ಟೇ ಕಟ್ಟಿ. ನಿಲ್ಲುವ ಸ್ಟ್ಯಾಂಡ್ ಕೊಳ್ಳುವ ಮುನ್ನ ಮನೆಯ ಕಪಾಟುಗಳ ಎತ್ತರ ಅಳೆಯಿರಿ. ಪೂರ್ತಿ ಮನೆಯಿಂದಲೇ ಕೆಲಸ ಮಾಡುವವರು, ನೆಲಮಹಡಿಯಲ್ಲಿ ಇರುವವರು ಪ್ಯಾಡ್ ಕೊಳ್ಳಬಹುದು. ಆಗ ಮೋಟಾರಿನ ಅಶ್ವಶಕ್ತಿ ಕೇಳುವುದಕ್ಕಿಂತ, ಪಟ್ಟಿ ಸರಿದರೆ ಮನೆಗೆ ಬಂದು ಸರಿಮಾಡುವ ಮನುಷ್ಯ ನಿಮ್ಮ ಊರಿನಲ್ಲಿ ಇದ್ದಾನೆಯೇ ಎಂದು ಕೇಳಿ. ಹಾಸುವ ಜಾಗದಲ್ಲಿ ಒಂದು ಗೋಲಿ ಬಿಟ್ಟು ನೋಡಿ. ಅದು ಉರುಳಿಕೊಂಡು ಹೋದರೆ ಬೇರೆ ಜಾಗ ಹುಡುಕಿ.